ಅರಗಿನ ಮೊಟ್ಟೆ

ಗಾದಿಲಿಂಗಪ್ಪ ತೀರಿಕೊಂಡ ಸುದ್ದಿ ಬಂದ ದಿನ ನಾನು ಅವರ ಗೆಳೆಯ ಇದಿನಬ್ಬರ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಇದ್ದೆ. ಮಧ್ಯಾಹ್ನದ ಹೊತ್ತು. ಹೊರಗೆ ಮರಳು ಬಿಸಿಲಿಗೆ ಬೆಳ್ಳಗೆ ಉರಿಯುತ್ತಿತ್ತು. ಆಗ ಫೋನು ಬಂತು. ಮಾತಾಡಿದವಳು ಗಾದಿಲಿಂಗಪ್ಪನವರ ಮಗಳು ಹಂಪಮ್ಮ. ಸಮುದ್ರದಾಚೆಯ ಸಿರುಗುಪ್ಪದ ಕಡೆಯ ಹಳ್ಳಿಯಿಂದ ಅವಳ ದನಿ ತೆಳ್ಳಗೆ ಬರುತ್ತಿತ್ತು.

"ಅಪ್ಪ ಬೆಳಿಗ್ಗೆ ಹೋದ್ರು ಅಣ್ಣಾ," ಎಂದಳು. "ನಿಮಗೊಂದು ಮಾತು ಹೇಳಬೇಕಿತ್ತು, ಹೇಳಿದೆ."

ಇದಿನಬ್ಬರು ಮಂಚದ ಅಂಚಿಗೆ ಕುಳಿತುಬಿಟ್ಟರು. ತಲೆಯ ಟೋಪಿಯನ್ನು ತೆಗೆದರು, ಮತ್ತೆ ಹಾಕಿಕೊಂಡರು. ಸಾವಿನ ಸುದ್ದಿ ಕೇಳಿದಾಗ ಅವರ ಮತದವರು ಹೇಳುವ ಮಾತನ್ನು ತುಟಿಯೊಳಗೇ ಹೇಳಿದರು. ಆಮೇಲೆ ಏನೂ ತೋಚದೆ ಕಿಟಕಿಯಿಂದ ನನ್ನನ್ನು ತೆಗೆದುಕೊಂಡು ಅಂಗೈಯಲ್ಲಿ ಹಿಡಿದು ಕುಳಿತರು.

ನಾನು ಒಂದು ಮೊಟ್ಟೆ. ಹಕ್ಕಿ ಇಟ್ಟ ಮೊಟ್ಟೆಯಲ್ಲ, ಮರದಲ್ಲಿ ಕಡೆದು ಅರಗು ಬಳಿದ ಮೊಟ್ಟೆ. ನನ್ನೊಳಗೆ ಜೀವವಿಲ್ಲ. ಆದರೂ ಜೀವವಿದ್ದವರ ಹೊಟ್ಟೆಯ ಕೆಳಗೆ ನಾನು ಬಹಳ ಕಾಲ ಮಲಗಿದ್ದೇನೆ. ನನ್ನನ್ನು ಈ ಮರಳುಗಾಡಿಗೆ ತಂದವರು ಗಾದಿಲಿಂಗಪ್ಪ. ಅವರ ಕಥೆಯನ್ನು ಬಿಟ್ಟರೆ ನನಗೆ ಬೇರೆ ಕಥೆಯಿಲ್ಲ.

ನಾನು ಹುಟ್ಟಿದ್ದು ಚನ್ನಪಟ್ಟಣದಲ್ಲಿ. ಹಾಲೆಮರದ ಒಂದು ತುಂಡಾಗಿ, ಇತರ ತುಂಡುಗಳ ಜೊತೆ, ಖಮರುನ್ನೀಸಾ ಎಂಬ ವಯಸ್ಸಾದ ಹೆಂಗಸಿನ ಶೆಡ್ಡಿನಲ್ಲಿ ಒಣಗಲು ಬಿದ್ದಿದ್ದೆ. ನನ್ನ ಅಕ್ಕಪಕ್ಕದವು ಬುಗುರಿಗಳಾದವು, ಗಿಲಕಿಗಳಾದವು, ಕುದುರೆಯ ಕಾಲುಗಳಾದವು. ನಾನೂ ಹಾಗೆಯೇ ಯಾವುದಾದರೂ ಮಗುವಿನ ಕೈ ಸೇರುತ್ತೇನೆಂದು ತಿಳಿದಿದ್ದೆ. ಒಂದು ದಿನ ಬಿಳಿಯ ಅಂಗಿ ತೊಟ್ಟು ಹಣೆಗೆ ವಿಭೂತಿ ಧರಿಸಿದ ಎತ್ತರದ ಮನುಷ್ಯರೊಬ್ಬರು ಬಂದು, ಜೇಬಿನಿಂದ ಪ್ಲಾಸ್ಟಿಕ್ಕಿನ ಮೊಟ್ಟೆಯೊಂದನ್ನು ತೆಗೆದು, ಇದೇ ಅಳತೆಯಲ್ಲಿ ಮರದಲ್ಲಿ ಹತ್ತಾರು ಮೊಟ್ಟೆ ಮಾಡಿಕೊಡಬೇಕೆಂದು ಕೇಳಿದರು. ಅವರೇ ಗಾದಿಲಿಂಗಪ್ಪ. ರಜೆಗೆಂದು ಊರಿಗೆ ಬಂದಿದ್ದರು.

ಖಮರುನ್ನೀಸಾ ಕನ್ನಡಕ ಸರಿಮಾಡಿಕೊಂಡು ಅವರನ್ನು ಮೇಲಿಂದ ಕೆಳಗೆ ನೋಡಿದರು.

"ಕೋಳಿ ಇಡೋದನ್ನ ನನ್ ಕೈಲಿ ಇಡುಸ್ತೀಯೇನಪ್ಪ?" ಎಂದರು. "ಈ ವಯಸ್ನಲ್ಲಿ?"

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಗಾದಿಲಿಂಗಪ್ಪನವರೂ ನಕ್ಕು, ಮೆಟ್ಟಿಲ ಮೇಲೆ ಕುಳಿತು ಎಲ್ಲವನ್ನೂ ವಿವರಿಸಿದರು. ತಾವು ಕೆಲಸ ಮಾಡುವ ದೇಶದಲ್ಲಿ ಹೌಬಾರಾ ಎಂಬ ಹಕ್ಕಿಯಿದೆ. ಹುಂಜದಷ್ಟು ದೊಡ್ಡದು, ಮರಳಿನದೇ ಬಣ್ಣ. ಬೇಟೆಗೆ ಸಿಕ್ಕಿ ಸಿಕ್ಕಿ ಮರಳುಗಾಡಿನಲ್ಲಿ ಅದರ ಸಂತತಿ ತೀರ ಕಡಿಮೆಯಾಯಿತು. ಈಗ ಅದನ್ನು ಬಲೆಯ ಮನೆಗಳಲ್ಲಿ ಸಾಕಿ, ಮರಿ ಮಾಡಿಸಿ, ಮತ್ತೆ ಮರಳುಗಾಡಿಗೆ ಬಿಡುತ್ತಾರೆ. ಹೆಣ್ಣು ಹಕ್ಕಿ ಮೊಟ್ಟೆಯಿಟ್ಟ ಕೂಡಲೇ ಅದನ್ನು ತೆಗೆದು ಕಾವುಕೊಡುವ ಯಂತ್ರದಲ್ಲಿ ಇಡಬೇಕು. ಗೂಡು ಬರಿದಾದರೆ ತಾಯಿ ಕಂಗಾಲಾಗುತ್ತದೆ. ಅದಕ್ಕೆ ಸುಳ್ಳುಮೊಟ್ಟೆ ಬೇಕು. ಪ್ಲಾಸ್ಟಿಕ್ಕಿನದನ್ನು ಎಷ್ಟೋ ಹಕ್ಕಿಗಳು ಕಾಲಿನಿಂದ ಆಚೆ ತಳ್ಳುತ್ತವೆ. ಮರದ್ದಾದರೆ ಕಾವನ್ನು ಹಿಡಿದುಕೊಂಡೀತು ಎಂಬ ಆಸೆಯಿಂದ ಇಲ್ಲಿಯವರೆಗೆ ಬಂದಿದ್ದರು.

ಖಮರುನ್ನೀಸಾ ಪ್ಲಾಸ್ಟಿಕ್ಕಿನ ಮೊಟ್ಟೆಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. "ತಾಯಿಗೆ ಮೋಸ ಅಲ್ವೇನಪ್ಪ ಅದು?" ಎಂದು ಕೇಳಿದರು.

"ಮೋಸನ ಬಿಡ್ರಿ ಅಮ್ಮಾ. ಮಕ್ಕಳು ಉಳೀಲಿ ಅಂತ ಮಾಡೂ ಮೋಸ."

ಆಮೇಲೆ ಆಕೆ ಬೇರೇನೂ ಕೇಳಲಿಲ್ಲ. ಹಕ್ಕಿ ಇದನ್ನು ನೆರಳಲ್ಲಿ ಕೂತು ಕಾಯುತ್ತದೆಯೋ ಎಂದಷ್ಟೇ ವಿಚಾರಿಸಿದರು. ಬಲೆಯ ಮನೆಗೆ ಮೇಲೆ ಚಪ್ಪರವಿದೆ, ಅದರ ಕೆಳಗೆ ಹಕ್ಕಿಯ ಹೊಟ್ಟೆಯ ಮರೆಯಿದೆ, ಬಿಸಿಲಿನ ಮಾತೇ ಇಲ್ಲ ಎಂದರು ಗಾದಿಲಿಂಗಪ್ಪ. ಹಾಗಾದರೆ ಸರಿ ಎಂದು ನನ್ನನ್ನು ಮರ ಕಡೆಯುವ ಯಂತ್ರಕ್ಕೆ ಸಿಕ್ಕಿಸಿದರು. ನಾನು ತಿರುಗಿದೆ. ಉಳಿ ತಾಗಿದಾಗ ನೋವಾಯಿತೆಂದು ಹೇಳಲಾರೆ, ಬಿಸಿಯಾಯಿತು. ನನ್ನ ಮೂಲೆಗಳೆಲ್ಲ ಸುರುಳಿ ಸುರುಳಿಯಾಗಿ ಉದುರಿ ಕೆಳಗೆ ಬಿದ್ದವು. ನಾನು ಗುಂಡಗಾದ ಮೇಲೆ ಮಣ್ಣಿನ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ನನ್ನ ಮೈಗೆ ಒತ್ತಿದರು. ಉಜ್ಜಿದ ಬಿಸಿಗೆ ಅರಗು ಕರಗಿ ಚರ್ಮದಂತೆ ಹರಡಿತು. ಅದರ ಮೇಲೆ ಕಪ್ಪು ಚುಕ್ಕೆಗಳು. ಕೊನೆಯಲ್ಲಿ ಎಲ್ಲ ಆಟಿಕೆಗಳಿಗೂ ಮಾಡುವಂತೆ ತಾಳೆಗರಿಯಿಂದ ತಿಕ್ಕಿ ಹೊಳಪು ಕೊಡಲು ಹೋದರು. ಗಾದಿಲಿಂಗಪ್ಪ ಕೈ ಅಡ್ಡ ಹಿಡಿದು ಹೊಳಪು ಬೇಡವೆಂದರು. ಜೀವಮಾನದಲ್ಲಿ ಮೊದಲ ಸಲ ಹೊಳಪಿಲ್ಲದ ಸಾಮಾನು ಕೈಯಿಂದ ಹೋಗುತ್ತಿದೆಯೆಂದು ಖಮರುನ್ನೀಸಾ ಗೊಣಗಿದರು. ನನ್ನನ್ನು ಕೊಡುವಾಗ ಮಾತ್ರ ದೇವರ ಹೆಸರು ಹೇಳಿಯೇ ಕೊಟ್ಟರು.

ಹೀಗೆ ನಾವು ಬಟ್ಟೆಯ ಚೀಲದಲ್ಲಿ ವಿಮಾನ ಹತ್ತಿದೆವು. ಆ ದೇಶದ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ನನ್ನನ್ನು ಮೇಜಿಗೆ ಕುಟ್ಟಿ ಕುಟ್ಟಿ ನೋಡಿದ. ನಾನು ಒಡೆಯದಿದ್ದುದನ್ನು ಕಂಡು ಅವನಿಗೆ ಅನುಮಾನ ಹೆಚ್ಚಾಯಿತು. ಕೊನೆಗೆ ಕರೆದೊಯ್ಯಲು ಬಂದಿದ್ದ ಇದಿನಬ್ಬರು ಅರಬಿಯಲ್ಲಿ ಏನೋ ಹೇಳಿ ಬಿಡಿಸಿಕೊಂಡರು. ಇದಿನಬ್ಬರು ಉಳ್ಳಾಲದ ಕಡೆಯವರು, ಹಕ್ಕಿ ಸಾಕುವ ಕೇಂದ್ರದ ಜೀಪು ಓಡಿಸುವವರು. ಬಿಟ್ಟ ಹಕ್ಕಿಗಳು ಎಲ್ಲೆಲ್ಲಿವೆಯೆಂದು ಮರಳುಗಾಡು ಸುತ್ತಿ ನೋಡಿಬರುವುದು ಅವರ ಕೆಲಸ. ಗಾದಿಲಿಂಗಪ್ಪನವರನ್ನು ಲಿಂಗಪ್ಪಣ್ಣ ಎನ್ನುತ್ತಿದ್ದರು. ಗಾದಿಲಿಂಗಪ್ಪ ಅವರನ್ನು ಬ್ಯಾರಿ ಎನ್ನುತ್ತಿದ್ದರು.

"ಆಟದ ಸಾಮಾನು ತಂದಿರಲ್ಲ ಮಾರಾಯ್ರೆ," ಎಂದು ದಾರಿಯುದ್ದಕ್ಕೂ ಇದಿನಬ್ಬರು ನಕ್ಕರು. "ನಿಮ್ಮ ಹಕ್ಕಿಗಳು ಇನ್ನು ಗೋಲಿ ಆಡುವುದುಂಟು."

ಬಲೆಯ ಮನೆಗಳಲ್ಲಿ ನನ್ನ ಬಾಳು ಹಲವು ವರ್ಷ ಸಾಗಿತು. ಬೆಳಿಗ್ಗೆ ಬೆಳಿಗ್ಗೆ ಗಾದಿಲಿಂಗಪ್ಪ ಬಾಗಿಕೊಂಡು ಒಳಗೆ ಬರುತ್ತಿದ್ದರು. ಹಕ್ಕಿಗಳಿಗೆ ಹೆಸರಿಡಬಾರದೆಂಬುದು ಅಲ್ಲಿಯ ನಿಯಮ. ಕಾಲಿನ ಬಳೆಯ ಗುರುತೇ ಸಾಕು. ಅವರು ಎಲ್ಲ ಹಕ್ಕಿಗಳನ್ನೂ ಅವ್ವ ಎಂದೇ ಕರೆಯುತ್ತಿದ್ದರು. "ಸ್ವಲ್ಪ ಸರಿಯವ್ವ, ಸಿಟ್ಟು ಮಾಡಬ್ಯಾಡ," ಎನ್ನುತ್ತ ಒಂದು ಕೈಯಿಂದ ಬಿಸಿಯಾದ ಮೊಟ್ಟೆಯನ್ನು ತೆಗೆದು, ಇನ್ನೊಂದು ಕೈಯಿಂದ ನನ್ನನ್ನು ಇಡುತ್ತಿದ್ದರು. ನನ್ನನ್ನು ಇಡುವ ಮೊದಲು ಅಂಗೈಗಳ ನಡುವೆ ಉಜ್ಜಿ ಬೆಚ್ಚಗೆ ಮಾಡುತ್ತಿದ್ದರು. ತಣ್ಣಗಿನದು ತಾಗಿದರೆ ತಾಯಿ ಬೆಚ್ಚುತ್ತಾಳೆ ಎನ್ನುವರು. ಎಷ್ಟೋ ತಾಯಂದಿರ ಹೊಟ್ಟೆಯ ಬಿಸಿಯನ್ನು ನಾನು ಬಲ್ಲೆ. ಅವರು ನನ್ನ ಮೇಲೆ ಕುಳಿತು ಕಾದರು, ಕಾದರು. ನಾನು ಎಂದೂ ಒಡೆಯಲಿಲ್ಲ. ಕಡೆಗೆ ಬೇಸತ್ತು ಎದ್ದು ಹೋದರು. ಆ ಹೊತ್ತಿನ ದಣಿವು ನನ್ನ ಮೈಯಲ್ಲಿ ಈಗಲೂ ಇದೆ.

ಯಂತ್ರದಲ್ಲಿ ಒಡೆದ ಮರಿಗಳನ್ನು ಮನುಷ್ಯರೇ ಸಾಕುತ್ತಿದ್ದರು. ಮನುಷ್ಯನ ಮುಖ ಪರಿಚಯವಾಗಬಾರದೆಂದು ಮೈತುಂಬ ಕಂದುಬಣ್ಣದ ನಿಲುವಂಗಿ ಹೊದ್ದು, ಮುಖ ಮುಚ್ಚಿಕೊಂಡು, ಗಾದಿಲಿಂಗಪ್ಪನವರೂ ಉಳಿದವರೂ ಚಿಮಟದಲ್ಲಿ ಹುಳ ಹಿಡಿದು ಉಣಿಸುತ್ತಿದ್ದರು. ಮರಿಗಳು ಬಲಿತ ಮೇಲೆ ಬೆನ್ನಿಗೆ ಇರುವ ಜಾಗ ತಿಳಿಸುವ ಪುಟ್ಟ ಯಂತ್ರ ಕಟ್ಟಿ ದೂರದ ಮರಳುಗಾಡಿಗೆ ಒಯ್ದು ಬಿಡುತ್ತಿದ್ದರು. ಆ ಮರಿಗಳಲ್ಲಿ ಒಂದು ಹೆಣ್ಣಿನ ಎಡಗಾಲಿನ ಬೆರಳು ಡೊಂಕಾಗಿತ್ತು. ಅದನ್ನು ಬಿಡುವುದೇ ಬೇಡವೆಂಬ ಮಾತು ಬಂದಿತ್ತು. ಗಾದಿಲಿಂಗಪ್ಪ ವಾದ ಮಾಡಿ ಬಿಡಿಸಿದರು.

ಈಗ ಅವರ ಮನಸ್ಸಿನ ಕೊರಗನ್ನು ಹೇಳಬೇಕು. ಬಿಟ್ಟ ಹಕ್ಕಿಗಳು ಬದುಕಿದವು, ಹಾರಿದವು, ಗಂಡು ಹಕ್ಕಿಗಳು ಕೊರಳ ಬಿಳಿಯ ಗರಿ ಕೆದರಿ ಕುಣಿದವು. ಆದರೆ ಹೆಣ್ಣುಗಳು ಮರಳಿನಲ್ಲಿ ಮೊಟ್ಟೆಯಿಟ್ಟು ಅರ್ಧಕ್ಕೇ ಬಿಟ್ಟುಹೋಗುತ್ತಿದ್ದವು. ಕೆಲವನ್ನು ನರಿ ತಿಂದಿತು. ನಮ್ಮಲ್ಲಿ ಹುಟ್ಟಿದ ಒಂದು ಹಕ್ಕಿಯೂ ತನ್ನ ಮರಿಯನ್ನು ಹಿಂದಿಟ್ಟುಕೊಂಡು ಮರಳಿನ ಮೇಲೆ ನಡೆದದ್ದನ್ನು ಯಾರೂ ಕಂಡಿರಲಿಲ್ಲ. ಕೇಂದ್ರದ ವೈದ್ಯೆ ಡಾಕ್ಟರ್ ಹೆಸ್ಸಾ ಇದನ್ನೇ ಚಿಂತಿಸುತ್ತಿದ್ದರು. ತಾವಾಗಿ ಮರಿ ಮಾಡದಿದ್ದರೆ ನಾವು ಬಿಟ್ಟ ಹಕ್ಕಿಗಳು ಮರಳುಗಾಡಿನ ಅತಿಥಿಗಳೇ ಹೊರತು ಮನೆಯವರಲ್ಲ ಎನ್ನುತ್ತಿದ್ದರು.

ಗಾದಿಲಿಂಗಪ್ಪನವರಿಗೆ ಅದು ಲೆಕ್ಕದ ಮಾತಾಗಿರಲಿಲ್ಲ. ಚಿಕ್ಕಂದಿನಲ್ಲಿ ಅವರು ತಮ್ಮೂರಿನ ಕರಿಮಣ್ಣಿನ ಬಯಲಿನಲ್ಲಿ ಕುರಿ ಕಾದವರು. ಅಲ್ಲಿ ಎರ್ಲಡ್ಡು ಎಂಬ ದೊಡ್ಡ ಹಕ್ಕಿ ಜೋಳದ ಹೊಲದ ಬದಿಯಲ್ಲಿ ನಡೆಯುವುದನ್ನು ಕಂಡಿದ್ದರು. ಈ ಹೌಬಾರಾದ ಅಣ್ಣನಂತಿತ್ತಂತೆ ಅದು. ಒಂದು ವರ್ಷ ಕಂಡದ್ದು ಮರುವರ್ಷ ಕಾಣಲಿಲ್ಲ. ಹೊಟ್ಟೆಪಾಡಿಗೆ ಈ ದೇಶಕ್ಕೆ ಬಂದು, ಮೇವು ಕೊಯ್ದು, ಕೋಳಿ ಸಾಕಿ, ಕಡೆಗೆ ಈ ಹಕ್ಕಿಗಳ ಬಳಿ ಬಂದಾಗ ದೇವರೇ ಕಳಿಸಿದ ಎಂದುಕೊಂಡರು. ಈಗ ವಯಸ್ಸು ಮೀರಿತ್ತು. ಗರಿಯ ಧೂಳು, ಮರಳಿನ ಧೂಳು ಸೇರಿ ಎದೆ ಕೆಟ್ಟಿತ್ತು. ನಾಲ್ಕು ಹೆಜ್ಜೆಗೆ ಏದುಸಿರು. ಹಂಪಮ್ಮ ಪ್ರತಿ ಸಲ ಫೋನಿನಲ್ಲಿ ಬಂದುಬಿಡು ಎಂದು ಅಳುತ್ತಿದ್ದಳು. ಒಂದು ಮರಿ ತಾಯಿಯ ಹಿಂದೆ ನಡೆದದ್ದನ್ನು ನೋಡಿ ಬರುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದರು. ಡಾಕ್ಟರ್ ಹೆಸ್ಸಾ ಆ ವಸಂತ ಮುಗಿಯುವವರೆಗೆ ಇರಲು ಒಪ್ಪಿದ್ದರು.

ಒಂದು ಸಂಜೆ ನನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಅವರು ಇದಿನಬ್ಬರಿಗೆ ಹೇಳಿದ ಮಾತು ನನಗೆ ಮರೆಯದು.

"ಬ್ಯಾರಿ, ಇಷ್ಟು ವರ್ಷ ತಾಯಿ ಮಗ್ಗಲಿಂದ ತತ್ತಿ ಕಸಗೊಂಡೀನಿ ನಾನು. ಈ ಹಕ್ಕಿ ತಮ್ಮ ತಾಯಿ ಮಾರಿ ನೋಡಿಲ್ಲ. ಇವಕ್ಕ ತಾಯ್ತನ ಎಲ್ಲಿಂದ ಬರಬೇಕು? ಬರಲಿಲ್ಲ ಅಂದ್ರ ನಾ ಮಾಡಿದ್ದು ಏನು?"

"ಅದು ನಿಮ್ಮ ಕೈಯಲ್ಲಿ ಇಲ್ಲ ಲಿಂಗಪ್ಪಣ್ಣ," ಎಂದರು ಇದಿನಬ್ಬರು. "ಕೊಡುವವ ಕೊಡ್ತಾನೆ. ಚಾ ಕುಡಿಯಿರಿ, ಆರ್ತದೆ."

ಆ ವಸಂತದ ಮೊದಲಲ್ಲಿ ಡೊಂಕು ಬೆರಳಿನ ಹೆಣ್ಣು ಮೊಟ್ಟೆಯಿಟ್ಟಿದೆಯೆಂದು ಇದಿನಬ್ಬರು ಸುದ್ದಿ ತಂದರು. ಹಕ್ಕಿ ಕಾವಿಗೆ ಸರಿಯಾಗಿ ಕೂರುತ್ತದೆಯೋ ಇಲ್ಲವೋ ತಿಳಿಯಬೇಕಿತ್ತು. ಹತ್ತಿರ ಹೋಗಿ ಹೋಗಿ ನೋಡಿದರೆ ಅದು ಓಡಿಹೋಗುತ್ತದೆ. ಅದಕ್ಕೊಂದು ಉಪಾಯ ಹೂಡಿದರು. ನನ್ನ ಹೊಟ್ಟೆಯನ್ನು ಕೊರೆದು ಒಳಗೆ ಕಡಲೆಕಾಳಿನಷ್ಟು ಯಂತ್ರವಿಟ್ಟರು. ನನಗೆ ಎಷ್ಟು ಕಾವು ಸಿಗುತ್ತಿದೆ, ಹಕ್ಕಿ ನನ್ನನ್ನು ಹೊರಳಿಸುತ್ತಿದೆಯೇ, ಈ ಎರಡು ಸಂಗತಿಗಳನ್ನು ಅದು ದೂರದ ಜೀಪಿಗೆ ಹೇಳುತ್ತಿತ್ತು. ಕೇಂದ್ರದಲ್ಲಿ ಇಂಥದ್ದೇ ಯಂತ್ರವಿದ್ದ ಹೊಸ ಪ್ಲಾಸ್ಟಿಕ್ ಮೊಟ್ಟೆಯೂ ಇತ್ತು. ಡಾಕ್ಟರಿಗೆ ಅದೇ ಸರಿ ಎನಿಸಿತ್ತು. ಗಾದಿಲಿಂಗಪ್ಪ ಒಪ್ಪಲಿಲ್ಲ. ಇಷ್ಟು ತಾಯಂದಿರು ಒಪ್ಪಿದ ಮೊಟ್ಟೆ ಇದು, ಇದನ್ನೇ ಇಡೋಣ ಎಂದು ಹಟ ಹಿಡಿದರು.

ಗೂಡಿದ್ದದ್ದು ಒಂದು ಮರದಿಂದ ಸ್ವಲ್ಪ ದೂರದಲ್ಲಿ. ಆ ಮರವನ್ನು ಅಲ್ಲಿಯವರು ಗಾಫ್ ಎನ್ನುತ್ತಾರೆ. ಗಾದಿಲಿಂಗಪ್ಪ ಅದರ ಎಲೆ ಮುಳ್ಳು ಮುಟ್ಟಿ ನೋಡಿ, ಚಪ್ಪಲಿ ಕಳಚಿ ಕೈಮುಗಿದರು. "ಇದು ನಮ್ಮ ಬನ್ನಿ," ಎಂದರು. "ಇಲ್ಲೂ ಬನ್ನಿ ಮಹಾಂಕಾಳಿ ಅದಾಳ." ಇದಿನಬ್ಬರು ಜೀಪಿನ ಎಂಜಿನ್ ನಿಲ್ಲಿಸಿದರು. ಹಕ್ಕಿ ಮೇಯಲು ಹೋದ ಹೊತ್ತು ನೋಡಿ ನನ್ನನ್ನು ಗೂಡಿನಲ್ಲಿ ಇಟ್ಟರು.

ಗೂಡೆಂದರೆ ಮರಳಿನಲ್ಲಿ ಕಾಲಿನಿಂದ ಕೆದರಿದ ಒಂದು ತಗ್ಗು, ಅಷ್ಟೆ. ಹುಲ್ಲಿಲ್ಲ, ಕಡ್ಡಿಯಿಲ್ಲ. ಅದರಲ್ಲಿ ಎರಡು ನಿಜವಾದ ಮೊಟ್ಟೆಗಳಿದ್ದವು. ತಾಯಿ ಬಂದಳು. ನನ್ನನ್ನು ಕೊಕ್ಕಿನಿಂದ ಒಮ್ಮೆ ತಟ್ಟಿದಳು, ತಲೆ ವಾಲಿಸಿ ನೋಡಿದಳು, ನಿಟ್ಟುಸಿರಿನಂಥ ಸದ್ದು ಮಾಡಿ ನಮ್ಮ ಮೂವರ ಮೇಲೂ ಕುಳಿತಳು. ಆಕಾಶ ಮರೆಯಾಯಿತು. ಮೇಲೆ ಅವಳ ಎದೆಯ ಬಡಿತ, ಪಕ್ಕದಲ್ಲಿ ಎರಡು ಜೀವಗಳ ಸಣ್ಣ ಅಲುಗಾಟ. ಅವಳು ಆಗಾಗ ಎದ್ದು ನಮ್ಮನ್ನು ಒಬ್ಬೊಬ್ಬರನ್ನಾಗಿ ಹೊರಳಿಸುತ್ತಿದ್ದಳು. ಹೊರಳಿಸದಿದ್ದರೆ ಒಳಗಿನ ಮರಿ ಚಿಪ್ಪಿಗೆ ಅಂಟಿಕೊಂಡು ಸಾಯುತ್ತದೆ. ಅದನ್ನು ಅವಳಿಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಯಂತ್ರದಲ್ಲಿ ಹುಟ್ಟಿದವಳು ಅವಳು.

ಜೀಪಿನಲ್ಲಿ ಕುಳಿತು ಗಾದಿಲಿಂಗಪ್ಪ ನನ್ನ ಸುದ್ದಿಯನ್ನು ಕೇಳುತ್ತಿದ್ದರು. ಕಾವು ಸರಿಯಾಗಿದೆ, ಹೊರಳಿಕೆ ಸರಿಯಾಗಿದೆ. ಆ ದಿನಗಳಲ್ಲಿ ಅವರು ಎರಡು ರೊಟ್ಟಿ ಹೆಚ್ಚು ತಿಂದರೆಂದು ಇದಿನಬ್ಬರು ಆಮೇಲೆ ಹೇಳಿದ್ದುಂಟು.

ಒಂದು ಮಧ್ಯಾಹ್ನ ಒಂಟೆಗಳ ಹಿಂಡೊಂದು ಮರದ ಕಡೆಗೆ ಬಂತು. ಗೂಡಿನ ಮೇಲೆ ಕಾಲಿಟ್ಟರೆ ಎಲ್ಲ ಮುಗಿಯಿತು. ತಾಯಿ ಎದ್ದು, ರೆಕ್ಕೆ ಎಳೆಯುತ್ತ, ಅವುಗಳ ಗಮನ ಸೆಳೆಯುತ್ತ ದೂರ ಓಡಿದಳು. ಒಂಟೆಗಳು ಮರದ ಕೆಳಗೆ ನಿಂತು ಎಲೆ ಎಳೆದು ತಿನ್ನತೊಡಗಿದವು. ಅವು ಹೋಗುವವರೆಗೆ ಅವಳು ಬರುವಂತಿರಲಿಲ್ಲ. ನಾವು ಮೂವರೂ ಬಿಸಿಲಿಗೆ ಬಿದ್ದೆವು. ಆ ಎರಡು ಮೊಟ್ಟೆಗಳೊಳಗೆ ಜೀವರಸವಿತ್ತು, ಮೆಲ್ಲಗೆ ಕಾದವು. ನಾನು ಒಣಮರ, ಬೇಗ ಕಾದೆ. ಖಮರುನ್ನೀಸಾ ಹಚ್ಚಿದ ಅರಗು ಮೆತ್ತಗಾಯಿತು. ಅಷ್ಟರಲ್ಲಿ ಒಂಟೆಗಳು ಹೋದವು. ತಾಯಿ ಓಡಿ ಬಂದು ಅವಸರದಲ್ಲಿ ಕುಳಿತಳು. ಅವಳ ಭಾರಕ್ಕೆ ನಾನು ಪಕ್ಕದ ಮೊಟ್ಟೆಗೆ ಒತ್ತಿಕೊಂಡೆ. ಸಂಜೆ ತಂಪಾಯಿತು. ಅರಗು ಗಟ್ಟಿಯಾಯಿತು. ನಾನೂ ಆ ಮೊಟ್ಟೆಯೂ ಅಂಟಿಹೋದೆವು.

ಅವಳು ಹೊರಳಿಸಲು ನೋಡಿದಳು. ಕೊಕ್ಕು ಹಾಕಿ ಎಳೆದಳು. ಒಂದು ಬದಿಯಿಂದ ಸಾಧ್ಯವಾಗದೆ ಇನ್ನೊಂದು ಬದಿಗೆ ಬಂದಳು. ರಾತ್ರಿಯೆಲ್ಲ ಎದ್ದು ಕೂತು ಮಾಡಿದಳು. ಮರುದಿನ ಜೀಪಿನಲ್ಲಿ ನನ್ನ ಯಂತ್ರ ಒಂದೇ ಮಾತು ಹೇಳಿತು: ಕಾವಿದೆ, ಹೊರಳಿಕೆಯಿಲ್ಲ. ತಾಯಿ ಬಿಟ್ಟುಹೋಗಿದ್ದರೆ ಕಾವೂ ಇರುತ್ತಿರಲಿಲ್ಲ. ಯಂತ್ರ ಕೆಟ್ಟಿರಬಹುದೆಂದು ಡಾಕ್ಟರ್ ಹೆಸ್ಸಾ ಹೇಳಿದರು. ಗಾದಿಲಿಂಗಪ್ಪ ದಿಣ್ಣೆಯ ಮೇಲೆ ಮಲಗಿ ದುರ್ಬೀನಿನಲ್ಲಿ ನೋಡಿದರು. ಅವಳು ಏಳುವುದು, ಕೊಕ್ಕು ಹಾಕುವುದು, ಸೋತು ಕೂರುವುದು ಕಂಡಿತು. ಪಕ್ಕದ ಮರಳಿನಲ್ಲಿ ಒಂಟೆಗಳ ಹೆಜ್ಜೆ ಕಂಡಿತು. ಆಗ ಹೊಳೆಯಿತು.

"ಅರಗು," ಎಂದರಂತೆ. "ಬಿಸಿಲಿಗೆ ಅರಗು ಕರಗತೈತಿ ಅನ್ನೂದು ಸಣ್ಣ ಹುಡುಗರಿಗೂ ಗೊತ್ತು. ನನಗ ಹೊಳೀಲಿಲ್ಲ ಬ್ಯಾರಿ. ನಾನಽ ಇದನ್ನ ತಂದೆ, ನಾನಽ ಹಟ ಮಾಡಿ ಇಟ್ಟೆ."

ಡಾಕ್ಟರ್ ಹೆಸ್ಸಾ ಫೋನಿನಲ್ಲಿ ತಮ್ಮ ತೀರ್ಮಾನ ಹೇಳಿದರು. ಎರಡು ಮೊಟ್ಟೆಗಳನ್ನೂ ತಂದುಬಿಡಿ, ಯಂತ್ರದಲ್ಲಿ ಕಾವು ಕೊಡೋಣ, ಒಂದಾದರೂ ಖಂಡಿತ ಮರಿಯಾಗುತ್ತದೆ. ತಪ್ಪು ಮಾತೇನಲ್ಲ. ಅದೇ ಅಲ್ಲಿಯ ರೂಢಿ. ಗಾದಿಲಿಂಗಪ್ಪ ಇಷ್ಟು ವರ್ಷ ಮಾಡಿದ್ದೂ ಅದನ್ನೇ.

ಬೆಳಗಿನ ಜಾವದ ಚಳಿಗೆ ಅರಗು ಪೆಡಸಾಗಿರುತ್ತದೆ, ಆಗ ಬಿಡಿಸಬಹುದು. ತಾಯಿ ಮೊದಲ ಬೆಳಕಿಗೆ ಮೇಯಲು ಹೋಗುವುದನ್ನು ಕಾದು, ಗಾದಿಲಿಂಗಪ್ಪ ಬನ್ನಿಮರದ ಬಳಿಯಿಂದ ಗೂಡಿನವರೆಗೆ ಬಾಗಿಕೊಂಡು ನಡೆದು ಬಂದರು. ನಡುವೆ ಎರಡು ಸಲ ಮಂಡಿಯೂರಿ ಉಸಿರು ತೆಗೆದುಕೊಂಡರು. ಬಂದು ನನ್ನ ಮುಂದೆ ಕುಳಿತರು. ಅವರ ಮುಖವನ್ನು ನಾನು ಕೆಳಗಿನಿಂದ ಎಷ್ಟೋ ಸಲ ನೋಡಿದ್ದೆ, ಇಷ್ಟು ದಣಿದದ್ದನ್ನು ನೋಡಿರಲಿಲ್ಲ. ಹೆಬ್ಬೆರಳ ಉಗುರನ್ನು ನಮ್ಮಿಬ್ಬರ ನಡುವೆ ಇಟ್ಟು ಮೆಲ್ಲಗೆ ಒತ್ತಿದರು. ಅರಗು ಚಟ್ಟೆಂದು ಬಿಟ್ಟಿತು. ಆದರೆ ಚಿಪ್ಪಿನ ಒಂದು ಚೂರು ನನ್ನ ಮೈಗೇ ಅಂಟಿಕೊಂಡು ಬಂತು. ಆ ಮೊಟ್ಟೆಗೆ ಗಾಯವಾಯಿತು. ಒಳಗಿನ ತೆಳುಪೊರೆ ಕಾಣುತ್ತಿತ್ತು.

ಅವರು ಗಾಯದ ಮೊಟ್ಟೆಯನ್ನು ಹತ್ತಿಯಲ್ಲಿ ಸುತ್ತಿ ಅಂಗಿಯೊಳಗೆ ಎದೆಗೆ ಇಟ್ಟುಕೊಂಡರು. ಎರಡನೆಯದನ್ನು ಕೈಗೆ ತೆಗೆದುಕೊಂಡರು. ಅದು ಚೆನ್ನಾಗಿತ್ತು, ಒಳಗೆ ಮರಿ ಅಲುಗುತ್ತಿತ್ತು. ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತರು. ಕಿವಿಗೆ ಸಿಕ್ಕಿಸಿದ್ದ ಫೋನಿನಲ್ಲಿ ಡಾಕ್ಟರ್ ಬೇಗ ಎನ್ನುತ್ತಿದ್ದರು.

"ಒಂದು ತರ್ತೀನಿ ಡಾಕ್ಟರಮ್ಮ," ಎಂದರು ಗಾದಿಲಿಂಗಪ್ಪ, ತಮಗೆ ಬರುವ ಹಿಂದಿಯಲ್ಲಿ. ಆಮೇಲೆ ಯಾರಿಗೂ ಅಲ್ಲವೆಂಬಂತೆ ನಮ್ಮ ಭಾಷೆಯಲ್ಲಿ, "ಒಂದು ಆಕೀಗೇ ಇರಲಿ. ಇದನ್ನೂ ಕಸಗೊಳ್ಳೂದು ನನ್ನ ಕೈಲೆ ಆಗೂದಿಲ್ಲ," ಎಂದರು.

ಮೊಟ್ಟೆಯನ್ನು ಗೂಡಿನ ನಡುವೆ ಇಟ್ಟರು. ನನ್ನನ್ನು ಜೇಬಿಗೆ ಹಾಕಿಕೊಂಡರು. ಬಂದ ಹೆಜ್ಜೆಯ ಗುರುತನ್ನು ಹಿಂದಕ್ಕೆ ಸರಿಯುತ್ತ ಕೈಯಿಂದ ಒರೆಸಿದರು. ತಾಯಿ ಮರಳಿ ಬಂದು, ಸುತ್ತ ಒಂದು ಸಲ ತಿರುಗಿ, ಉಳಿದ ಒಂದರ ಮೇಲೆ ಕುಳಿತದ್ದನ್ನು ಮರದ ಮರೆಯಿಂದ ನೋಡಿದ ಮೇಲೆಯೇ ಜೀಪು ಹತ್ತಿದರು. ಹತ್ತುವಾಗ ಇದಿನಬ್ಬರು ಎತ್ತಿ ಕೂರಿಸಬೇಕಾಯಿತು.

ಗಾಯದ ಮೊಟ್ಟೆ ಉಳಿಯಲಿಲ್ಲ. ಯಂತ್ರದೊಳಗೆ ಒಣಗಿಹೋಯಿತು. ಡಾಕ್ಟರ್ ಹೆಸ್ಸಾ ಗಾದಿಲಿಂಗಪ್ಪನವರ ಮೇಲೆ ಸಿಟ್ಟಾದರು. ಎರಡನ್ನೂ ತಂದಿದ್ದರೆ ಒಂದು ಮರಿಯಾದರೂ ಕೈಯಲ್ಲಿರುತ್ತಿತ್ತು, ಈಗ ಎರಡೂ ಇಲ್ಲವಾಗಬಹುದು ಎಂದರು. ಗಾದಿಲಿಂಗಪ್ಪ ತಲೆತಗ್ಗಿಸಿ ಕೇಳಿಸಿಕೊಂಡರು. ಆ ವಾರವೇ ಅವರ ಎದೆ ಮತ್ತಷ್ಟು ಕೆಟ್ಟಿತು. ಆಸ್ಪತ್ರೆಯವರು ಊರಿಗೆ ಕಳಿಸಿಬಿಡಿ ಎಂದರು. ಹೊರಡುವ ದಿನ ಡಾಕ್ಟರ್ ಹೆಸ್ಸಾ ತಾವೇ ಬಂದು ಅವರ ಚೀಲವನ್ನು ಎತ್ತಿಕೊಂಡು ಕಾರಿನವರೆಗೆ ನಡೆದರು. ಗಾದಿಲಿಂಗಪ್ಪ ನನ್ನನ್ನು ಇದಿನಬ್ಬರ ಕೈಗೆ ಕೊಟ್ಟು, ಎಲ್ಲಿಯಾದರೂ ಬಿಸಾಡಿಬಿಡು ಎಂದರು. ಇದಿನಬ್ಬರು ಬಿಸಾಡಲಿಲ್ಲ.

ಈಗ ಗೂಡಿನ ಸುದ್ದಿ ಹೇಳಲು ನಾನಿರಲಿಲ್ಲ. ಇದಿನಬ್ಬರು ದೂರದ ದಿಣ್ಣೆಯಿಂದ ನೋಡಿಬರುತ್ತಿದ್ದರು. ಹಕ್ಕಿ ಕೂತಿದೆಯೋ ಕಲ್ಲಿದೆಯೋ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಕೋಣೆಗೆ ಓಡಿಬಂದು, ಚಪ್ಪಲಿಯನ್ನೂ ಬಿಡದೆ, ಊರಿಗೆ ಫೋನು ಹಚ್ಚಿದರು. ಹಂಪಮ್ಮ ಫೋನನ್ನು ತಂದೆಯ ಕಿವಿಗೆ ಹಿಡಿದಳು.

"ಲಿಂಗಪ್ಪಣ್ಣ, ಒಂದು ಉಂಟು. ಲಿಂಬೆಹಣ್ಣಿನಷ್ಟು ಉಂಟು. ಅವಳ ಹಿಂದೆಯೇ ಹೋಗ್ತಾ ಉಂಟು."

ಆಚೆಯಿಂದ ಗಾದಿಲಿಂಗಪ್ಪ ಒಂದೇ ಮಾತು ಕೇಳಿದರು.

"ತಾನಽ ಉಣಿಸ್ತಾಳೇನು?"

ಇದಿನಬ್ಬರು ಕಂಡದ್ದನ್ನು ಕಂಡಂತೆ ಹೇಳಿದರು. ತಾಯಿ ಒಂದು ಜೀರುಂಡೆ ಹಿಡಿಯುತ್ತಾಳೆ, ಕೊಕ್ಕಿನ ತುದಿಯಲ್ಲಿ ಹಿಡಿದು, ತಲೆ ಬಗ್ಗಿಸಿ, ಅಲುಗದೆ ನಿಲ್ಲುತ್ತಾಳೆ. ಮರಿ ಬಂದು ಕಿತ್ತುಕೊಳ್ಳುವವರೆಗೆ ಕಾಯುತ್ತಾಳೆ.

"ನೀವು ಚಿಮಟದಲ್ಲಿ ಹುಳ ಹಿಡಿದು ಬಗ್ಗಿ ನಿಲ್ತೀರಲ್ಲ, ಹಾಗೆಯೇ. ನಿಮ್ಮದೇ ಸ್ಟೈಲು ಮಾರಾಯ್ರೆ."

ಗಾದಿಲಿಂಗಪ್ಪ ನಕ್ಕರು. ನಗು ಕೆಮ್ಮಾಯಿತು. ಹಂಪಮ್ಮ ಫೋನು ತೆಗೆದುಕೊಂಡು, ಅಪ್ಪ ಅಳಾಕತ್ತಾರ, ಆಮೇಲೆ ಮಾಡ್ರಿ ಎಂದಳು.

ಅದಾದ ಮೇಲೆ ಒಂದೆರಡು ವಾರ ಇದಿನಬ್ಬರು ತಾಯಿ ಮರಿ ಇಬ್ಬರನ್ನೂ ಕಂಡರು. ಮರಿಯ ಕಾಲಿಗೆ ಬಳೆಯಿಲ್ಲ, ಬೆನ್ನಿಗೆ ಯಂತ್ರವಿಲ್ಲ. ಯಾರೂ ಮುಟ್ಟದ ಹಕ್ಕಿ ಎಂದು ಡಾಕ್ಟರ್ ಹೆಸ್ಸಾ ಎಲ್ಲರಿಗೂ ಹೇಳಿದರು. ಆಮೇಲೆ ಬಿರುಗಾಳಿ ಬಂತು. ಆಕಾಶವೆಲ್ಲ ಮರಳಾಯಿತು. ಗಾಳಿ ನಿಂತ ಮೇಲೆ ತಾಯಿ ಒಬ್ಬಳೇ ಕಂಡಳು. ಮರಿ ಮರೆಯಲ್ಲಿ ಇರಬಹುದೆಂದು ಇದಿನಬ್ಬರು ಮತ್ತೆ ಮತ್ತೆ ಹೋಗಿ ನೋಡಿದರು. ಊರಿಗೆ ಫೋನು ಮಾಡಲು ಮನಸ್ಸಾಗಲಿಲ್ಲ. ಗಾದಿಲಿಂಗಪ್ಪನವರೇ ಮಾಡಿಸಿದಾಗ ಜೀಪು ಕೆಟ್ಟಿದೆ, ಆ ಕಡೆ ಹೋಗಿಲ್ಲ ಎಂದರು. ಆ ಸುಳ್ಳು ಹೇಳಿದ ದಿನ ಅವರು ಊಟ ಮಾಡಿದ್ದನ್ನು ನಾನು ಕಾಣಲಿಲ್ಲ.

ಹಂಪಮ್ಮನ ಫೋನು ಬಂದ ಆ ದಿನ ಬೆಳಿಗ್ಗೆಯೂ ಅವರು ಹೋಗಿದ್ದರು. ಡೊಂಕು ಬೆರಳಿನ ತಾಯಿ ಹೊಸ ಜಾಗದಲ್ಲಿ ಮರಳು ಕೆದರಿ ಕುಳಿತಿದ್ದಳು. ಅವಳ ಕೆಳಗೆ ಹೊಸ ಮೊಟ್ಟೆಗಳಿದ್ದವು. ಮರಿಯಿರುವ ತಾಯಿ ಮತ್ತೆ ಮೊಟ್ಟೆಯಿಡುವುದಿಲ್ಲ. ಮರಿ ಹೋಯಿತೆಂಬುದು ಆಗ ಖಚಿತವಾಯಿತು. ಅವಳು ಯಾರ ಕೈಯೂ ಇಲ್ಲದೆ ಮತ್ತೆ ಕೂತಿದ್ದಾಳೆಂಬುದೂ ಖಚಿತವಾಯಿತು. ಇವೆರಡರಲ್ಲಿ ಯಾವುದನ್ನು ಮೊದಲು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದು, ಮಧ್ಯಾಹ್ನ ಊಟವಾದ ಮೇಲೆ ಮಾಡೋಣವೆಂದು ಫೋನನ್ನು ಮಂಚದ ಮೇಲೆ ಇಟ್ಟಿದ್ದರು. ಅಷ್ಟರಲ್ಲಿ ಅದೇ ರಿಂಗಣಿಸಿತು.

ಈಗ ಹೇಳುವುದಕ್ಕೆ ಯಾರೂ ಉಳಿದಿಲ್ಲ. ಇದಿನಬ್ಬರು ನನ್ನನ್ನು ಕಿಟಕಿಯ ಮೇಲೆ ಇಟ್ಟು, ಕೈಕಾಲು ತೊಳೆದು, ಚಾಪೆ ಹಾಸಿ ನಮಾಜಿಗೆ ನಿಂತಿದ್ದಾರೆ. ನನ್ನ ಮೈಯ ಅರಗು ಅಲ್ಲಲ್ಲಿ ಎದ್ದುಹೋಗಿದೆ. ಹೊಟ್ಟೆಯ ಯಂತ್ರವನ್ನು ತೆಗೆದು ಆಗಿದೆ, ಅಲ್ಲಿ ತೂತು ಉಳಿದಿದೆ. ಇನ್ನು ಯಾವ ತಾಯಿಯ ಕೆಳಗೂ ನನ್ನನ್ನು ಇಡುವುದಿಲ್ಲ. ಇಡಬೇಕಾಗಿಯೂ ಇಲ್ಲ. ನಾನು ಮರದವನು, ಪ್ರಾರ್ಥನೆಗೆ ಬೇಕಾದ ಕೈ ನನಗಿಲ್ಲ, ನಾಲಿಗೆಯೂ ಇಲ್ಲ. ಆದರೂ ಕೇಳುವವನು ಕೇಳುತ್ತಾನೆಂದು ನಂಬಿದ್ದೇನೆ.

ದೇವರೇ, ನನ್ನನ್ನು ಕಡೆದವರು ನಿನ್ನನ್ನು ಒಂದು ಹೆಸರಿನಿಂದ ಕರೆದರು, ನನ್ನನ್ನು ತಂದವರು ಇನ್ನೊಂದು ಹೆಸರಿನಿಂದ ಕರೆದರು. ನೀನು ಯಾವ ಹೆಸರಿಗೆ ಓಗೊಡುವೆಯೋ ಆ ಹೆಸರಿನಲ್ಲೇ ಬೇಡುತ್ತೇನೆ. ಗಾದಿಲಿಂಗಪ್ಪ ಬಹಳ ದಣಿದು ನಿನ್ನ ಬಳಿಗೆ ಬಂದಿದ್ದಾರೆ. ಅವರಿಗೆ ಉಸಿರಾಡಲು ಧೂಳಿಲ್ಲದ ಗಾಳಿ ಕೊಡು. ಮರಿ ಹೋದ ಸುದ್ದಿ ಅವರಿಗೆ ಈಗಾಗಲೇ ತಿಳಿದಿದ್ದರೆ, ತಾಯಿ ಮತ್ತೆ ಕೂತ ಸುದ್ದಿಯನ್ನೂ ತಿಳಿಸು. ಹೆಸರಿಲ್ಲದ ಆ ಪುಟ್ಟ ಜೀವ ನಿನ್ನಲ್ಲಿಗೇ ಬಂದಿದ್ದರೆ ಅದನ್ನು ಅವರ ಹಿಂದೆ ನಡೆಯಲು ಬಿಡು. ಅವರ ಜೀವ ನಿನ್ನ ನೆರಳಿನಲ್ಲಿ ತಣ್ಣಗೆ ಇರಲಿ.